ಕವಿಗೆ ಗುಡಿಸು ಕೊಟ್ಟರೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಗುಡಿಸು. ಕಸ ಗುಡಿಸುವ ಗುಡಿಸಲ್ಲ. ಅಕ್ಷರದ ನೆತ್ತಿಯ ಮೇಲೆ ಜುಟ್ಟಿನ ಹಾಗೆ ಕೂರುವ ಗುಡಿಸು. 'ಕ'ಕ್ಕೆ ಅದನ್ನು ಕೊಟ್ಟರೆ 'ಕಿ' ಆಗುತ್ತದೆ ಎಂದು ಒಂದನೇ ತರಗತಿಯಲ್ಲಿ ಎಲ್ಲರೂ ರಾಗವಾಗಿ ಕಲಿತವರೇ. ಕವಿಗೆ ಕೊಟ್ಟರೆ ಏನಾಗುತ್ತದೆ ಎಂದು ಮಾತ್ರ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಕವಿಗಳು ವೃತ್ತಿಯಿಂದ ಕವಿಗಳಲ್ಲ. ನಿವೃತ್ತಿಯಾಗುವವರೆಗೆ ರೈಲು ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವರು. ಅವರ ದನಿ ದಿನಕ್ಕೆ ಸಾವಿರಾರು ಜನರ ಕಿವಿಗೆ ಬೀಳುತ್ತಿತ್ತು. ಆದರೆ ಪ್ಲಾಟ್‌ಫಾರಂ ನಂಬರು ಸಿಕ್ಕ ಕೂಡಲೇ ಜನ ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದರು. ವಾಕ್ಯದ ಕೊನೆಯ ಕ್ರಿಯಾಪದದವರೆಗೆ ನಿಂತು ಕೇಳಿದವರು ಒಬ್ಬರೂ ಇಲ್ಲ. ಹಾಗೆ ಅನಾಥವಾದ ಕ್ರಿಯಾಪದಗಳ ಮೇಲಿನ ಕನಿಕರದಿಂದಲೋ ಏನೋ, ಗಾಡಿ ಗಾಡಿಯ ನಡುವಿನ ಬಿಡುವಿನಲ್ಲಿ ಅವರು ಪದ್ಯ ಬರೆಯಲು ತೊಡಗಿದರು.

ಪದ್ಯ ಕೆಟ್ಟದಾಗಿರಲಿಲ್ಲ. ತೊಂದರೆಯಿದ್ದದ್ದು ದನಿಯಲ್ಲಿ. ಮನೆಯಲ್ಲಿ ಓದಿದರೂ ಮದುವೆಮನೆಯಲ್ಲಿ ಓದಿದರೂ ಅದು ಮೈಕಿನೊಳಗಿಂದಲೇ ಬರುತ್ತಿತ್ತು. 'ಕೊನೆಯ ಪ್ರಯಾಣಿಕ' ಅವರ ಅತ್ಯಂತ ಪ್ರೀತಿಯ ಪದ್ಯ. 'ಕೊನೆಯ ರೈಲೂ ಹೋಯಿತು' ಎಂದು ಶುರುಮಾಡಿದರೆ ಕೇಳುವವರ ಕೈ ತಾನಾಗಿಯೇ ಬ್ಯಾಗಿನ ಕಡೆ ಹೋಗುತ್ತಿತ್ತು. 'ಹಳಿಗಳೆರಡೂ ತಣ್ಣಗಾದವು' ಎನ್ನುವಾಗ ಎದ್ದು ನಿಂತಿರುತ್ತಿದ್ದರು. 'ಬೆಂಚಿನ ಮೇಲೆ ಕೂತವನೊಬ್ಬ' ಎಂಬಲ್ಲಿಗೆ ಬಂದರೆ ಎದುರಿನ ಬೆಂಚು ಖಾಲಿ. ನಾಲ್ಕನೆಯ ಸಾಲು ಕೇಳಿದ ಜೀವ ಈ ಭೂಮಿಯ ಮೇಲೆ ಇರಲಿಲ್ಲ. ಹೆಂಡತಿಯೂ ಒಂದು ದಿನ ಎದುರಿಗೆ ಕೂತು ಕೇಳಿದವರಲ್ಲ.

ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಅದನ್ನು ಯಾರಿಗಾದರೂ ಪೂರ್ತಿ ಓದಿ ಹೇಳಬೇಕು. ಕವಿಗಳಿಗಿದ್ದದ್ದು ಇಷ್ಟೇ ಆಸೆ. ಪ್ರಶಸ್ತಿ ಬೇಡ, ಫೋಟೊ ಬೇಡ, ಚಪ್ಪಾಳೆಯನ್ನು ಬೇಕಾದರೆ ತಾವೇ ಹೊಡೆದುಕೊಳ್ಳುತ್ತಾರೆ. ಊರಿನ ಸಾಹಿತ್ಯ ಬಳಗದ ವಾರ್ಷಿಕ ಕವಿಗೋಷ್ಠಿಯಲ್ಲಿ ಒಂದು ಸ್ಥಾನ ಖಾಲಿಯಿದೆ ಎಂದು ಗೊತ್ತಾದದ್ದೇ ತಡ, ಬಳಗದ ಅಧ್ಯಕ್ಷರಿಗೆ ಫೋನು ಮಾಡಲು ಹಿಡಿದರು. ಅಧ್ಯಕ್ಷರು ಊಟಕ್ಕೆ ಕೂತಾಗ ಮಾಡಿದರು, ಸ್ನಾನಕ್ಕೆ ಹೋದಾಗ ಮಾಡಿದರು. ಕೊನೆಗೆ ಅಧ್ಯಕ್ಷರು ಸುಸ್ತಾಗಿ, ಭಾನುವಾರ ಸಂಜೆ ತಾವೇ ಮನೆಗೆ ಬರುವುದಾಗಿ ಹೇಳಿದರು.

ಕವಿಗಳು ಈ ಬೀದಿಗೆ ಬಾಡಿಗೆಗೆ ಬಂದು ತಿಂಗಳೂ ಆಗಿರಲಿಲ್ಲ. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಸೋಪಿನ ಹಾಗಿದ್ದವು. ಗುರುತು ಹೇಳಿ ಎಂದು ಅಧ್ಯಕ್ಷರು ಕೇಳಿದಾಗ, ಗೇಟಿನ ಪಕ್ಕ 'ಕವಿ' ಎಂದು ಬೋರ್ಡಿರುತ್ತದೆ ಎಂದುಬಿಟ್ಟರು. ಬಾಯಿಂದ ಬಂದಮೇಲೆ ಬೋರ್ಡು ಮಾಡಿಸಲೇಬೇಕಲ್ಲ. ಬೋರ್ಡಿನ ಅಂಗಡಿಗೂ ಫೋನಿನಲ್ಲೇ ಹೇಳಿದರು. ಅತ್ತ ಕಡೆ ಕೊರೆಯುವ ಯಂತ್ರ ಗುರ್ರೆನ್ನುತ್ತಿತ್ತು. ಅಂಗಡಿಯವನು ಅದೇನೋ ಕೇಳಿದ, ಇವರು ಹೌದು ಎಂದರು.

ಭಾನುವಾರ ಬೆಳಿಗ್ಗೆ ಕವಿಗಳು ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯೆದುರು ಪದ್ಯ ಅಭ್ಯಾಸ ಮಾಡುತ್ತಿದ್ದಾಗ ಅಂಗಡಿಯವನು ಬಂದು ಗೇಟಿನ ಕಂಬಕ್ಕೆ ಬೋರ್ಡು ಜಡಿದು ಹೋದ. ಬಾಗಿಲು ಬಡಿದ ಸದ್ದಿಗೆ ನೊರೆ ಒರೆಸಿಕೊಂಡು ತೆಗೆದರೆ, ಬೀದಿಯ ದರ್ಜಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಿಂತಿದ್ದ.

"ಡಾಕ್ಟ್ರೇ, ಬಲಗಿವಿ," ಎಂದ. "ಒಂದು ವಾರದಿಂದ ಒಳಗೆ ಹೊಲಿಗೆ ಮಿಷನ್ ಓಡ್ತಾ ಇದೆ. ರಾತ್ರಿ ಅಂಗಡಿ ಮುಚ್ಚಿದ್ರೂ ಅದು ಮುಚ್ಚಲ್ಲ."

ಕವಿಗಳು ಹೊರಗೆ ಹೋಗಿ ಕಂಬ ನೋಡಿದರು. ಕಪ್ಪು ಹಲಗೆಯ ಮೇಲೆ ಬಂಗಾರದ ಬಣ್ಣದ ದುಂಡನೆಯ ಅಕ್ಷರಗಳಲ್ಲಿ, ಬೀದಿಯ ಆ ತುದಿಗೂ ಕಾಣುವ ಹಾಗೆ, 'ಕಿವಿ' ಎಂದಿತ್ತು. ಅವರ ಮುಖದಲ್ಲಿ ಮೋಡ ಕವಿಯಿತು. ಆ ಹೊತ್ತಿಗೆ ಅವರಲ್ಲಿ ಉಳಿದಿದ್ದ ಕವಿ ಅದೊಂದೇ.

ಅಲ್ಲಿಂದಲೇ ಅಂಗಡಿಗೆ ಫೋನು ಮಾಡಿದರು.

"ಒಂದು ಗುಡಿಸು ಜಾಸ್ತಿಯಾಗಿದೆಯಪ್ಪಾ."

"ಗುಡಿಸೋದು ನಮ್ಮ ಕೆಲಸ ಅಲ್ಲ ಸಾರ್, ಬೋರ್ಡು ಹಾಕೋದಷ್ಟೆ. ಕಂಬ ಕೊರೆದ ಪುಡಿ ತಾನೆ, ನೀವೇ ಒಂದು ಸಲ ಪೊರಕೆ ಆಡಿಸಿಬಿಡಿ."

"ಅಕ್ಷರದ ಗುಡಿಸು ಕಣಯ್ಯಾ. ನಾನು ಹೇಳಿದ್ದು ಕವಿ."

"ನಾನು ಕೇಳಿದೆನಲ್ಲ ಸಾರ್, ಕಿವೀನಾ ಅಂತ. ಹೌದು ಅಂದ್ರಿ. ಮೂಗು, ಬಾಯಿ ಎಲ್ಲ ಆಮೇಲೆ ಒಂದೊಂದಾಗಿ ಮಾಡಿಸ್ತೀರೇನೋ ಅಂದ್ಕೊಂಡೆ."

ಇವತ್ತು ಭಾನುವಾರ, ನಾಳೆ ನೋಡೋಣ ಎಂದು ಅವನು ಫೋನಿಟ್ಟ. ಕವಿಗಳು ಅಡುಗೆಮನೆಯ ಚಾಕು ತಂದು ಗುಡಿಸನ್ನು ಕೆರೆದರು. ಚಾಕುವಿನ ಮೊನೆ ಮುರಿಯಿತು, ಗುಡಿಸಿಗೆ ಗೀರೂ ಬೀಳಲಿಲ್ಲ. ಹೆಂಡತಿ ಬಂದು ನೋಡಿ, 'ಕಪಿ' ಅಂತ ಬರೀಲಿಲ್ಲವಲ್ಲ, ಪುಣ್ಯ ಎಂದು ಹೇಳಿ, ಒಂದು ಒದ್ದೆ ಟವಲ್ ತಂದು ಬೋರ್ಡಿನ ಮೇಲೆ ಹರವಿದರು.

ಟವಲ್ ಒಣಗುವಷ್ಟು ಹೊತ್ತೂ ಅಲ್ಲಿ ಉಳಿಯಲಿಲ್ಲ. ಎದುರು ಮನೆಯ ಹೆಡ್‌ಮೇಡಂ ಅದನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಅವರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಬೀದಿಯನ್ನೇ ಒಂದು ತರಗತಿಯೆಂದು ತಿಳಿದು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಳಗೆ ದರ್ಜಿ ವಾಲಿದ ತಲೆಯಲ್ಲೇ ಕೂತಿದ್ದ. ಇವರು ಕಿವಿ ಡಾಕ್ಟರಲ್ಲವಂತೆ ಎಂದು ಅವನು ದೂರು ಹೇಳಿದ.

"ಅಲ್ಲ ಅಂತ ನನಗೂ ಗೊತ್ತು," ಎಂದರು ಮೇಡಂ. "ಆಗಿದ್ರೆ ಡಿಗ್ರಿ ಹಾಕ್ಕೋತಿದ್ರು. ಇದು ಹೊಸ ಪದ್ಧತಿ, ಪೇಪರಲ್ಲಿ ಓದಿದೀನಿ. ದೊಡ್ಡ ಊರುಗಳಲ್ಲಿ ಈಗ ಹೇಳ್ಕೊಳ್ಳೋಕೆ ಜನ ಸಿಗಲ್ಲ ಅಂತ, ಸುಮ್ಮನೆ ಕೂತು ಕೇಳೋರು ಅಂತಲೇ ಇರ್ತಾರಂತೆ. ಅವರು ಮಾತಾಡಲ್ಲ, ಬುದ್ಧಿ ಹೇಳಲ್ಲ. ಬರೀ ಕಿವಿ. ನಮ್ಮ ಬೀದಿಗೂ ಒಬ್ಬರು ಬಂದರಲ್ಲ, ಒಳ್ಳೇದಾಯ್ತು."

"ಮೇಡಂ, ಅದು ತಪ್ಪಿ ಬಿದ್ದಿರೋ ಗುಡಿಸು," ಎಂದರು ಕವಿಗಳು.

"ಗುಡಿಸು ಬಿಟ್ಟು ಬರೆಯೋರನ್ನ ಸರ್ವೀಸ್ ಪೂರ್ತಿ ನೋಡಿದೀನಿ. ಜಾಸ್ತಿ ಹಾಕಿ ಬರೆಯೋರನ್ನ ಒಬ್ಬರನ್ನೂ ನೋಡಿಲ್ಲ. ನಿಮಗೆ ಸಂಕೋಚ, ಅಷ್ಟೆ. ಕೂತ್ಕೊಳ್ಳಿ." ದರ್ಜಿಯ ಕಡೆ ತಿರುಗಿ, "ನೀನು ಹೇಳು," ಎಂದರು.

ಮೇಡಂ ಹೇಳು ಎಂದಮೇಲೆ ಹೇಳದಿರುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ದರ್ಜಿ ತನ್ನ ಅಂಗಡಿಯಲ್ಲಿ ನೇತಾಡುವ ಒಂದು ಕೋಟಿನ ವಿಷಯ ಹೇಳಿದ. ಯಾರೋ ಒಬ್ಬ ಅಳತೆ ಕೊಟ್ಟು ಹೋದವನು ಮತ್ತೆ ಬರಲೇ ಇಲ್ಲವಂತೆ. ಇವನು ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಇಟ್ಟಿದ್ದಾನೆ. ಈಗ ಎಷ್ಟೋ ವರ್ಷವಾಯಿತು. ಅವನ ಮುಖ ಮರೆತಿದೆ, ಭುಜದ ಅಳತೆ ಮರೆತಿಲ್ಲ. ದಿನಾ ಅಂಗಡಿ ತೆಗೆದ ಕೂಡಲೇ ಕೋಟಿನ ಧೂಳು ಕೊಡವಿ, ಏನಪ್ಪಾ ಚೆನ್ನಾಗಿದೀಯಾ ಎಂದು ಕೇಳುತ್ತಾನೆ. ಈಚೆಗೆ ಹೆಂಡತಿ ಇದನ್ನು ನೋಡಿಬಿಟ್ಟಳು. ಅಂದಿನಿಂದ ಅವಳಿಗೆ ಅನುಮಾನ, ಇವನಿಗೆ ನಾಚಿಕೆ.

ಕವಿಗಳು ಕುರ್ಚಿಯನ್ನು ದರ್ಜಿಯ ಹತ್ತಿರಕ್ಕೆ ಎಳೆದುಕೊಂಡರು. ಇವನು ತಮ್ಮ ಪದ್ಯದೊಳಗಿನ ಮನುಷ್ಯನೇ ಅಲ್ಲವೇ. ಇವನಿಗೆ ಓದದೆ ಇನ್ಯಾರಿಗೆ ಓದುವುದು ಎಂದುಕೊಂಡು ಕಣ್ಣು ಮುಚ್ಚಿ, ಕೊನೆಯ ರೈಲನ್ನು ಕಳಿಸಿದರು, ಹಳಿಗಳನ್ನು ತಣ್ಣಗೆ ಮಾಡಿದರು, ಬೆಂಚಿನ ಮೇಲೆ ಒಬ್ಬನನ್ನು ಕೂರಿಸಿದರು. ಕಣ್ಣು ತೆರೆದರೆ ದರ್ಜಿ ಎದ್ದು ನಿಂತು ಜೇಬು ತಡವಿಕೊಳ್ಳುತ್ತಿದ್ದ.

"ಬರ್ತೀನಿ ಸಾರ್, ಗಾಡಿಗೆ ಹೊತ್ತಾಯ್ತು. ಅಲ್ಲ, ಅಂಗಡಿಗೆ." ಬಾಗಿಲಲ್ಲಿ ನಿಂತು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. "ಮೇಡಂ, ಮಿಷನ್ ನಿಂತಿದೆ," ಎಂದ.

ಆ ಮೂರು ಮಾತು ಮಧ್ಯಾಹ್ನದೊಳಗೆ ಬೀದಿಯ ಎಲ್ಲ ಮನೆಗಳ ಕಿವಿ ಮುಟ್ಟಿತು. ಊಟ ಮುಗಿಸಿ ಕವಿಗಳು ಜಗಲಿಗೆ ಬಂದರೆ ಜನವೋ ಜನ. ಮೇಡಂ ಅವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಕೂರಿಸಿದ್ದರು, ಗಿಡ್ಡವರು ಮುಂದೆ, ಉದ್ದವರು ಹಿಂದೆ. ಸಾಲಿನಲ್ಲಿ ಮಾತಾಡಿದವರಿಗೆ ಕೊನೆಗೆ ಕಳಿಸುವ ಶಿಕ್ಷೆ.

ಮೊದಲು ಬಂದವನು ಕ್ಷೌರಿಕ. ದಿನವಿಡೀ ಗಿರಾಕಿಗಳ ಸಂಸಾರ, ರಾಜಕೀಯ, ಅಳಿಯಂದಿರ ಸಮಾಚಾರ ಎಲ್ಲ ಕೇಳಿ ಕೇಳಿ ತನ್ನ ಹೊಟ್ಟೆ ಗೋಡೌನ್ ಆಗಿದೆ, ಅದರಲ್ಲಿ ತನ್ನದೇ ಮಾತಿಗೆ ಜಾಗವಿಲ್ಲ ಎಂದ. ತನ್ನದೇನು ಮಾತು ಎಂದು ನೆನಪು ಮಾಡಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ನೆನಪಾಯಿತು: ತನಗೆ ಮೀಸೆ ಬಿಡಬೇಕೆಂದು ಆಸೆ, ತಾಯಿಗೆ ಇಷ್ಟವಿರಲಿಲ್ಲ, ಈಗ ತಾಯಿ ಇಲ್ಲ, ಬಿಡಲು ಮನಸ್ಸಾಗುವುದಿಲ್ಲ. ಅವನಾದಮೇಲೆ, ಫೋನಿನಲ್ಲಿ ದಿನಪೂರ್ತಿ ಅಪರಿಚಿತರಿಗೆ 'ನಿಮಗೆ ಹೇಗೆ ಸಹಾಯ ಮಾಡಲಿ' ಎಂದು ಕೇಳುವ ಕೆಲಸದ ಹುಡುಗಿ ಬಂದು, ತನ್ನನ್ನು ಆ ಪ್ರಶ್ನೆ ಕೇಳಿದವರೇ ಇಲ್ಲ ಎಂದಳು. ಒಬ್ಬ ಮುದುಕರು ಬಂದು ಎದುರಿಗೆ ಕೂತು, ಒಂದು ಮಾತೂ ಆಡದೆ ಕಿಟಕಿ ನೋಡಿ, ಸಾಕಷ್ಟು ಹೊತ್ತಾದಮೇಲೆ ಎಲ್ಲ ಹೇಳಿದ ಹಾಗಾಯಿತು ಎಂದು ಕೈಮುಗಿದು ಎದ್ದುಹೋದರು.

ಕವಿಗಳು ಪ್ರತಿಯೊಬ್ಬರಿಗೂ ಪದ್ಯ ಶುರುಮಾಡಿ ನೋಡಿದರು. ಕ್ಷೌರಿಕ ಎರಡನೆಯ ಸಾಲಿಗೆ ಎದ್ದ. ಹುಡುಗಿ ಮೊದಲನೆಯ ಸಾಲಿಗೇ ಕೈಚೀಲ ಹೆಗಲಿಗೇರಿಸಿದಳು. ಮುದುಕರ ಮುಂದೆ ಮಾತ್ರ ಬಾಯಿ ತೆಗೆಯಲು ಮನಸ್ಸಾಗಲಿಲ್ಲ. ಸಂಜೆಯಾಗುವಾಗ ಅವರಿಗೆ 'ಹೂಂ' ಎನ್ನುವುದೊಂದು ಬಿಟ್ಟು ಬೇರೆ ಮಾತು ಮರೆತಂತಾಗಿತ್ತು. ತಲೆಯಲ್ಲಿ ಮಾತ್ರ ಒಂದೇ ಚಿಂತೆ. ಅಧ್ಯಕ್ಷರು ಬಂದು, 'ಕವಿ' ಕಾಣದೆ ತಿರುಗಿ ಹೋದರೆ? ಬೀದಿಯ ಮೂಲೆಯಲ್ಲಿ ನಿಂತು ಕಾಯೋಣವೆಂದು ಒಂದು ಸಲ ಎದ್ದರು. ಕಿವಿಯೇ ಎದ್ದುಹೋದರೆ ಮುಖಕ್ಕೇನು ಶೋಭೆ ಎಂದು ಮೇಡಂ ಕೂರಿಸಿದರು.

ಸಾಲಿನ ಕೊನೆಯಲ್ಲಿ ಬಾವುಟದ ಕಂಬದ ಹಾಗೆ ಎತ್ತರವಿದ್ದ ಒಬ್ಬರು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು, ತಪ್ಪು ಮಾಡಿದ ಹುಡುಗನಂತೆ ಬಹಳ ಹೊತ್ತಿನಿಂದ ಕೂತಿದ್ದರು. ಅವರ ಸರದಿ ಬಂತು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ತಾವು ಸಾಹಿತ್ಯ ಬಳಗದ ಅಧ್ಯಕ್ಷರೆಂದು ಹೇಳಿಕೊಂಡರು. ಫೋನಿನಲ್ಲಿ ಕೇಳಿದ ಅದೇ ದನಿ. ಕವಿಗಳು ಗಂಟಲು ಸರಿಮಾಡಿಕೊಂಡು ಇನ್ನೇನು ನಾನೇ ಅವನು ಎನ್ನಬೇಕು, ಅಷ್ಟರಲ್ಲಿ ಅಧ್ಯಕ್ಷರು ಕೈ ಎತ್ತಿ ತಡೆದರು.

"ನೀವು ಮಾತಾಡಬೇಡಿ. ಮಾತಾಡಲ್ಲ ಅಂತ ಮೇಡಂ ಹೇಳಿದ್ರು, ಅದಕ್ಕೇ ಇಷ್ಟೊತ್ತು ಕೂತೆ. ಸ್ವಾಮಿ, ಈ ಬೀದೀಲಿ ಒಬ್ಬ ಕವಿ ಇದಾರೆ. ಯಾವಾಗ ನೋಡಿದ್ರೂ ಫೋನು. ಅವರು ಹಲೋ ಅಂದ್ರೆ ಸಾಕು, ನನ್ನ ಲಗೇಜ್ ಎಲ್ಲಿ ಅಂತ ಗಾಬರಿ ಆಗುತ್ತೆ. ಇದ್ದ ಒಂದು ಜಾಗಾನ ಕುರ್ಚಿ ಬಾಡಿಗೆ ಕೊಡೋನ ಭಾವಮೈದುನನಿಗೆ ಕೊಟ್ಟುಬಿಟ್ಟೆ. ಕೊಡದಿದ್ರೆ ಎಲ್ಲರೂ ನಿಂತ್ಕೊಂಡು ಕೇಳಬೇಕು, ಏನ್ಮಾಡ್ಲಿ. ಫೋನಲ್ಲಿ ಹೇಳೋದಕ್ಕೆ ಮನಸ್ಸಾಗಲಿಲ್ಲ, ಮುಖ ನೋಡಿ ಹೇಳೋಣ ಅಂತ ಬಂದೆ. ಬೀದಿ ಪೂರ್ತಿ ಹುಡುಕಿದೆ. ಕವಿ ಅಂತ ಎಲ್ಲೂ ಬೋರ್ಡಿಲ್ಲ. ಬದುಕಿದೆ ಅನ್ನಿಸ್ತು. ಆಮೇಲೆ ನಿಮ್ಮ ಬೋರ್ಡು ಕಾಣ್ತು. ನಿಮಗೆ ಗೊತ್ತೇನು ಆ ಮನುಷ್ಯ?"

ಕವಿಗಳು ತಲೆ ಆಡಿಸಿದರು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಹೊರಟ ಗಾಡಿಯ ಕಿಟಕಿಯಲ್ಲಿ ಕಾಣುವ ತಲೆಯ ಹಾಗೆ ಅದು ಸುಮ್ಮನೆ ಅಲುಗಿತು.

ಅಧ್ಯಕ್ಷರು ಚೀಲದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದರು. ಅವರೂ ಬರೆಯುತ್ತಾರೆ. ಬರೆಯುತ್ತಾರೆಂದೇ ಅಧ್ಯಕ್ಷರಾದದ್ದು. ಆದರೆ ಅಧ್ಯಕ್ಷರ ಪದ್ಯ ಯಾವತ್ತೂ ಗೋಷ್ಠಿಯ ಕೊನೆಗೆ. ಕವಿಗಳೆಲ್ಲ ತಂತಮ್ಮದು ಓದಿ, ನೀರು ಕುಡಿದು ಬರುವವರಂತೆ ಎದ್ದುಹೋಗಿರುತ್ತಾರೆ. ಇವರು ಎದ್ದು ನಿಲ್ಲುವಷ್ಟರಲ್ಲಿ ಬಾಡಿಗೆಯವನು ಕುರ್ಚಿ ಮಡಚತೊಡಗಿರುತ್ತಾನೆ. ಆ ಟಪಟಪ ಸದ್ದನ್ನೇ ಇಷ್ಟು ವರ್ಷ ಚಪ್ಪಾಳೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ ಎಂದು ಹೇಳಿ ಅಧ್ಯಕ್ಷರು ನಗಲು ನೋಡಿದರು. ನಗು ಅರ್ಧಕ್ಕೆ ನಿಂತಿತು. ಓದಲೇ ಎಂದು ಕಣ್ಣಲ್ಲೇ ಕೇಳಿದರು.

ಪದ್ಯ ಅವರ ಅಣ್ಣನ ಮೇಲಿತ್ತು. ಜಗಳವಾಡಿ ದೂರವಾದ ಅಣ್ಣ, ಚಿಕ್ಕಂದಿನಲ್ಲಿ ಒಂದೇ ಕಂಬಳಿಯೊಳಗೆ ಕಾಲು ಬೆಚ್ಚಗೆ ಮಾಡಿಕೊಟ್ಟ ಅಣ್ಣ. ಮಹಾ ಪದ್ಯವೇನಲ್ಲ. ಎರಡು ಕಡೆ ಪ್ರಾಸಕ್ಕಾಗಿ ಅಣ್ಣನ ಬಣ್ಣ ಬದಲಾಗಿತ್ತು. ಆದರೆ ನಡುವೆ ಒಂದೆಡೆ ದನಿ ನಡುಗಿ ಅಧ್ಯಕ್ಷರು ನಿಲ್ಲಿಸಿದಾಗ, ಕವಿಗಳ ಬಾಯಿಂದ ತಾನಾಗಿಯೇ 'ಹೂಂ' ಬಂತು. ಅದರ ಬಲದ ಮೇಲೆ ಅಧ್ಯಕ್ಷರು ಕೊನೆಯ ಸಾಲಿನವರೆಗೂ, ಕೊನೆಯ ಕ್ರಿಯಾಪದದವರೆಗೂ ಓದಿದರು. ಓದಿ, ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ನಮ್ಮಲ್ಲಿ ಕವಿಗಳಿಗೇನು ಬರ ಇಲ್ಲ," ಎಂದರು ಆಮೇಲೆ. "ಇಲ್ಲದಿರೋದು ನಿಮ್ಮಂಥೋರು. ನೀವು ಗೋಷ್ಠಿಗೆ ಬರಲೇಬೇಕು. ಮುಂದಿನ ಸಾಲಲ್ಲಿ ನಡುಮಧ್ಯ ನಿಮ್ಮ ಕುರ್ಚಿ. ಎಲ್ಲರೂ ನಿಮ್ಮ ಮುಖ ನೋಡ್ಕೊಂಡು ಓದ್ಲಿ. ನೀವು ಏನೂ ಹೇಳೋದು ಬೇಡ, ಕೊನೇವರೆಗೂ ಏಳದಿದ್ರೆ ಸಾಕು."

ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು: ಆ ಕವಿ ನಾನೇ. ಹೇಳಿದರೆ ಕುರ್ಚಿಯವನ ಭಾವಮೈದುನ ಏಳದಿದ್ದರೂ ಅಧ್ಯಕ್ಷರಿಗೆ ನಾಚಿಕೆಯಾಗಿ ಎಲ್ಲಾದರೂ ಒಂದು ಮೂಲೆ ಸಿಗುತ್ತಿತ್ತೇನೋ. ಆದರೆ ತಮ್ಮ ದನಿ ಕೇಳಿದ ಕ್ಷಣ ಈ ಮನುಷ್ಯ ಚೀಲ ಹುಡುಕುತ್ತಾನೆ. ಓದಿದ ಪದ್ಯವನ್ನೆಲ್ಲ ವಾಪಸು ನುಂಗಿಕೊಳ್ಳುತ್ತಾನೆ. ಕವಿಗಳು ಅಧ್ಯಕ್ಷರ ಮುಖ ನೋಡಿದರು. ಇಸ್ತ್ರಿ ಮಾಡಿದ ಹಾಗೆ ಅದರ ಸುಕ್ಕುಗಳೆಲ್ಲ ಬಿಚ್ಚಿಕೊಂಡಿದ್ದವು.

"ಹೂಂ," ಎಂದರು.

ಅಧ್ಯಕ್ಷರು ಎರಡೂ ಕೈಯಲ್ಲಿ ಅವರ ಕೈ ಹಿಡಿದು ಕುಲುಕಿ ಹೊರಟರು. ಮೇಡಂ ಜಗಲಿಯ ಬೆಂಚು ಸರಿಯಾಗಿ ಜೋಡಿಸಿ, ನಾಳೆ ಬೇಗ ಶುರುಮಾಡೋಣ ಎಂದು ಹೇಳಿ ಹೋದರು. ಕವಿಗಳು ಕೂತಲ್ಲೇ ಕೂತಿದ್ದರು. ಹೆಂಡತಿ ಚಹಾ ತಂದು ಪಕ್ಕದಲ್ಲಿಟ್ಟರು. ಅವರಿಗೆ ಒಳಗಿನಿಂದ ಎಲ್ಲ ಕೇಳಿಸಿತ್ತು.

"ನೀವೇ ಆ ಕವಿ ಅಂತ ಯಾಕ್ರೀ ಹೇಳಲಿಲ್ಲ?"

"ಹೇಗೆ ಹೇಳಲಿ. ಆ ಅಣ್ಣ ಅಲ್ಲೇ ಕೂತಿದ್ದ ಹಾಗಿತ್ತು," ಎಂದರು ಕವಿಗಳು. ಬೆಳಿಗ್ಗೆಯಿಂದ ಅವರು ಆಡಿದ ಮಾತುಗಳಲ್ಲಿ ಮೈಕಿಲ್ಲದೆ ಬಂದದ್ದು ಅದೊಂದೇ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಎದುರಿನ ಕುರ್ಚಿಗೆ, ದರ್ಜಿಯೂ ಅಧ್ಯಕ್ಷರೂ ಕೂತಿದ್ದ ಅದೇ ಕುರ್ಚಿಗೆ ಬಂದು ಕೂತರು. ಇಷ್ಟು ವರ್ಷದ ಸಂಸಾರದಲ್ಲಿ ಈಕೆ ತಾನಾಗಿ ಹೀಗೆ ಎದುರಿಗೆ ಬಂದು ಕೂತದ್ದು ಇದೇ ಮೊದಲು. ಕೊನೆಗೂ ಆ ಗಳಿಗೆ ಬಂತು. ಕವಿಗಳು ಬೆನ್ನು ನೆಟ್ಟಗೆ ಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು.

"ನನಗೂ ಒಂದು ಹೇಳೋದಿದೆ. ಕೇಳ್ತೀರಾ?" ಎಂದರು ಹೆಂಡತಿ.

ಕವಿಗಳು ತೆರೆದ ಬಾಯನ್ನು ಮುಚ್ಚಿದರು.

"ಕೊನೆಯ ರೈಲೂ ಹೋಯಿತು," ಎಂದು ಹೆಂಡತಿ ಶುರುಮಾಡಿದರು. ಪುಸ್ತಕವಿಲ್ಲ, ಹಾಳೆಯಿಲ್ಲ. "ಹಳಿಗಳೆರಡೂ ತಣ್ಣಗಾದವು. ಬೆಂಚಿನ ಮೇಲೆ ಕೂತವನೊಬ್ಬ..."

"ನಿನಗೆ ಹೇಗೆ..."

"ನೀವು ಒಬ್ಬರೇ ಓದ್ಕೊಳ್ಳುವಾಗ ಗೋಡೆ ಈಚೆ ನಿಂತಿರ್ತೀನಲ್ಲ. ಗೋಡೆ ದಾಟಿ ಬಂದ್ರೆ ನಿಮ್ಮ ದನಿ ಚೆನ್ನಾಗಿರುತ್ತೆ, ಮನುಷ್ಯರ ದನಿ ಥರ. ಎದುರಿಗೆ ಕೂತ್ರೆ ನನಗೂ ಊರಿಗೆ ಹೋಗೋಣ ಅನ್ನಿಸುತ್ತೆ, ಅದಕ್ಕೇ ಕೂರಲಿಲ್ಲ. ಪೂರ್ತಿ ಬಾಯಿಗೆ ಬಂದಿದೆ. ಎಲ್ಲಿದ್ದೆ? ಬೆಂಚಿನ ಮೇಲೆ ಕೂತವನೊಬ್ಬ, ಬೀಸಿದ ಕೈಯನ್ನು ಇನ್ನೆಲ್ಲಿ ಇಡಲೆಂದು ಹುಡುಕುತ್ತಾನೆ."

ಕವಿಗಳು ಬರೆದದ್ದು ಹಾಗಲ್ಲ. 'ಇನ್ನೂ ಕೈ ಬೀಸುತ್ತಲೇ ಇದ್ದಾನೆ' ಎಂದು ಅವರು ಬರೆದಿದ್ದರು. ಆ ಸಾಲು ತಿದ್ದಲು ಎಷ್ಟೋ ಹಾಳೆ ಹರಿದಿದ್ದರು, ಅದಕ್ಕಿಂತ ಒಳ್ಳೆಯದು ಹೊಳೆದಿರಲಿಲ್ಲ. ಈಗ ಕೇಳಿದ್ದು ಅದಕ್ಕಿಂತ ಒಳ್ಳೆಯದು. ಅನುಮಾನವೇ ಇಲ್ಲ, ಬಹಳ ಒಳ್ಳೆಯದು.

"ಅಲ್ಲವೇ, ಆ ಸಾಲು..." ಎಂದು ಬಾಯಿ ತೆರೆದರು.

"ಸುಮ್ಮನೆ ಕೇಳ್ರೀ. ಇಡೀ ಬೀದೀದು ಕೇಳಿದಿರಿ, ನಂದೊಂದು ಕೇಳೋಕಾಗಲ್ವಾ?"

ಕವಿಗಳು ಚಹಾದ ಲೋಟ ಕೆಳಗಿಟ್ಟು, ಕೈ ಕಟ್ಟಿ ಕೂತರು. ಹೆಂಡತಿ ಕಣ್ಣು ಮುಚ್ಚಿ ಮುಂದುವರಿಸಿದರು. ಐದನೆಯ ಸಾಲೂ ಕವಿಗಳದಾಗಿರಲಿಲ್ಲ.